ಬ್ಯಾಂಕ್ ಪಿಒ ಇಂಟರ್‌ವ್ಯೂ: ಎರಡನೇ ಸಲ ನಾನು ತಯಾರಾದದ್ದು ಹೀಗೆ

ಮೊದಲ ಸಲ, ಸರ್ಕಾರಿ ಬ್ಯಾಂಕುಗಳಿಗೆ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಪಿಒ (ಪ್ರೊಬೇಷನರಿ ಆಫೀಸರ್) ಇಂಟರ್‌ವ್ಯೂನಲ್ಲಿ ನನಗೆ ಬಂದದ್ದು 100ಕ್ಕೆ 42. ಮೇನ್ಸ್ (ಮುಖ್ಯ ಪರೀಕ್ಷೆ) ಚೆನ್ನಾಗಿಯೇ ಆಗಿತ್ತು, ಆದರೂ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಅಂತಿಮ ಅಂಕದಲ್ಲಿ ಮೇನ್ಸ್‌ಗೆ 80, ಇಂಟರ್‌ವ್ಯೂಗೆ 20ರ ಲೆಕ್ಕ. ಅಂದರೆ ಇಂಟರ್‌ವ್ಯೂನಲ್ಲಿ 20 ಅಂಕ ಜಾಸ್ತಿ ತೆಗೆದರೆ ಕೊನೆಗೆ ಕೈಗೆ ಸಿಗುವುದು 4. ಆ ನಾಲ್ಕೇ ಸಾಕಿತ್ತು ನನಗೆ.

ಆಗ ನಾನು ಓದಿದ್ದೆಲ್ಲ ಪಿಡಿಎಫ್. ಸಿಆರ್‌ಆರ್, ಎಸ್‌ಎಲ್‌ಆರ್, ಎನ್‌ಪಿಎ, ಇಂಥ ಬ್ಯಾಂಕಿಂಗ್ ಪದಗಳೆಲ್ಲ ಬಾಯಿಪಾಠ. ಒಳಗೆ ಹೋಗಿ ಕೂತರೆ ಮೊದಲ ಪ್ರಶ್ನೆಯೇ, ನಿಮ್ಮ ಉಡುಪಿ ಕಡೆ ಇಷ್ಟೊಂದು ಬ್ಯಾಂಕ್ ಹುಟ್ಟಿದವಲ್ಲ, ಹೇಳಿ ನೋಡೋಣ ಅಂತ. ಎರಡು ಹೆಸರು ಹೇಳಿ ಸುಮ್ಮನಾದೆ. ಆ ತಡವರಿಕೆ ಎದ್ದು ಬರುವವರೆಗೂ ಬಿಡಲಿಲ್ಲ.

ಎರಡನೇ ಸಲ ನನ್ನದೇ ಅರ್ಜಿಯ ಪ್ರಿಂಟ್ ತೆಗೆದು ಒಂದೊಂದು ಪದಕ್ಕೂ ಗೆರೆ ಎಳೆದೆ. ಊರು, ಬಿಕಾಂ, ಹವ್ಯಾಸ, ಓದು ಮುಗಿದ ಮೇಲಿನ ಒಂದು ವರ್ಷದ ಗ್ಯಾಪ್. ಪ್ರತಿಯೊಂದಕ್ಕೂ ಐದಾರು ಪ್ರಶ್ನೆ ನಾನೇ ಬರೆದುಕೊಂಡೆ. ಊರಿಗೇ ನಾಲ್ಕು ದಿನ ಹಿಡಿಯಿತು. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, ಅದೇ ವರ್ಷ ಮಂಗಳೂರಿನಲ್ಲಿ ಕೆನರಾ, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟ್‌ನವರು 1928ರಲ್ಲಿ ಪಿಗ್ಮಿ ಶುರು ಮಾಡಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದರು ಅಂತ ಓದಿದಾಗ ನಿಜಕ್ಕೂ ಮೈ ಜುಮ್ಮೆಂದಿತು, ಯಾಕೆಂದರೆ ಅಪ್ಪ ಅಂಗಡಿಯಲ್ಲಿ ದಿನಾ ಸಂಜೆ ಪಿಗ್ಮಿ ಕಟ್ಟುವುದನ್ನು ನೋಡಿಕೊಂಡೇ ಬೆಳೆದವಳು ನಾನು, ಅದರ ಮೂಲ ನಮ್ಮ ಉಡುಪಿಯಲ್ಲೇ ಇದೆ ಅಂತ ಗೊತ್ತೇ ಇರಲಿಲ್ಲ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದ್ದನ್ನೂ ಬರೆದಿಟ್ಟುಕೊಂಡೆ.

ಉಳಿದದ್ದನ್ನೂ ಹೀಗೇ ಮನೆಯಿಂದಲೇ ಕಲಿತೆ. 2022ರ ಮೇ ಆರಂಭದಲ್ಲಿ ಶೇ 4 ಇದ್ದ ರೆಪೋ ದರ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಡಿಸೆಂಬರ್ ಹೊತ್ತಿಗೆ 6.25 ಆಗಿತ್ತು. ಅಣ್ಣನ ಮನೆ ಸಾಲದ ಕಂತು ಎಷ್ಟಿತ್ತು, ಎಷ್ಟಾಯಿತು ಅಂತ ಅವನ ಸ್ಟೇಟ್‌ಮೆಂಟ್ ಇಟ್ಟುಕೊಂಡು ನೋಡಿದೆ. ಆಮೇಲೆ ರೆಪೋ ಅಂದರೇನು ಅಂತ ಬಾಯಿಪಾಠ ಮಾಡುವ ಅಗತ್ಯ ಬೀಳಲಿಲ್ಲ. ಸ್ವಸಹಾಯ ಸಂಘದ ಸಾಲ ಯಾಕೆ ಸರಿಯಾಗಿ ವಾಪಸ್ ಬರುತ್ತದೆ ಅಂತ ಅಮ್ಮನನ್ನೇ ಕೇಳಿದೆ. ಒಬ್ಬಳು ಕಟ್ಟದಿದ್ದರೆ ವಾರದ ಸಭೆಯಲ್ಲಿ ಉಳಿದವರು ಬಿಡಬೇಕಲ್ಲ ಅಂದರು ಅಮ್ಮ.

ಇಂಗ್ಲಿಷ್ ನನಗೆ ದೊಡ್ಡ ಭಯ, ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮೀಡಿಯಂ. ಪ್ರತಿ ಉತ್ತರವನ್ನು ಮೊದಲು ಕನ್ನಡದಲ್ಲೇ ಜೋರಾಗಿ ಹೇಳುತ್ತಿದ್ದೆ. ಅದು ಸ್ಪಷ್ಟವಾದ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳುತ್ತಿದ್ದೆ. ಕನ್ನಡದಲ್ಲೇ ಗೊಂದಲ ಇದ್ದರೆ ಇಂಗ್ಲಿಷಿನಲ್ಲಿ ಎಲ್ಲಿಂದ ಸರಿಯಾಗುತ್ತದೆ, ಅಲ್ವಾ? ಬ್ಯಾಂಕಿನಿಂದ ನಿವೃತ್ತರಾದ ಚಿಕ್ಕಪ್ಪ ಸಂಜೆ ಎದುರು ಕೂತು ಪ್ರಶ್ನೆ ಕೇಳುತ್ತಿದ್ದರು. "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು ಮಗಾ, ಅಂದಾಜಿಗೆ ಹೇಳ್ಬೇಡ" ಅಂತ ಅವರು ಎಷ್ಟು ಸಲ ಹೇಳಿದರೋ.

ದಾಖಲೆ ವಿಷಯ ಒಂದಿದೆ, ದಯವಿಟ್ಟು ಮುಂಚೆಯೇ ನೋಡಿಕೊಳ್ಳಿ. ಒಬಿಸಿ ಮೀಸಲಾತಿಗೆ ಕೇಂದ್ರದ ನಮೂನೆಯ ಸರ್ಟಿಫಿಕೇಟ್ ಬೇಕು, ನಮ್ಮ ರಾಜ್ಯದ 2ಎ ಪ್ರಮಾಣಪತ್ರ ನಡೆಯುವುದಿಲ್ಲ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಇದನ್ನು ಸರಿಮಾಡಿಸಲು ನಾನು ಎರಡು ವಾರ ಓಡಾಡಿದೆ.

ಇಂಟರ್‌ವ್ಯೂ ಆದದ್ದು 2023ರ ಆರಂಭದಲ್ಲಿ, ಬೆಂಗಳೂರಿನಲ್ಲಿ. ಈ ಸಲ ಊರಿನ ಮಾತು ಬಂದಾಗ ಪಿಗ್ಮಿ ಕಥೆ ಹೇಳಿದೆ. ಒಬ್ಬರು, ಯುಪಿಐ ಬಂದ ಮೇಲೂ ಪಿಗ್ಮಿ ಯಾಕೆ ಬೇಕು ಅಂತ ಕೇಳಿದರು. ಕ್ಯೂಆರ್‌ನಲ್ಲಿ ಬಂದ ದುಡ್ಡು ಅಕೌಂಟಿನಲ್ಲೇ ಇರುತ್ತದೆ ಸರ್, ಆದರೆ ಖರ್ಚೂ ಅಲ್ಲಿಂದಲೇ ಆಗಿಹೋಗುತ್ತದೆ, ಪಿಗ್ಮಿಯವರು ಸಂಜೆ ಅಂಗಡಿಗೆ ಬರುತ್ತಾರೆ ಅನ್ನುವ ಕಾರಣಕ್ಕೇ ಅಪ್ಪ 100 ರೂಪಾಯಿ ತೆಗೆದಿಡುತ್ತಾರೆ ಅಂದೆ. ಅಲ್ಲಿಂದ ಐದು ನಿಮಿಷ ಬರೀ ಅಂಗಡಿಯ ಮಾತೇ ನಡೆಯಿತು. 67 ಬಂತು.