ಒದ್ದೆ ಬಟ್ಟೆ ಹಾಕಿದರೆ ಸರಿಹೋಗುತ್ತಿದ್ದ ಅಂಬಾಸಿಡರ್

ನಂಜನಗೂಡು ದಾಟಿ ಐದು ಕಿಲೋಮೀಟರ್ ಕೂಡ ಹೋಗಿರಲಿಲ್ಲ. ಗಾಡಿ ಎರಡು ಸಲ ಜರ್ಕ್ ಹೊಡೆದು ನಿಂತೇಬಿಟ್ಟಿತು. ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡು ಗಂಟೆ. ಗುಂಡ್ಲುಪೇಟೆಯಲ್ಲಿ ನಾಮಕರಣದ ಊಟಕ್ಕೆ ಹೊರಟಿದ್ದೆವು. ಹಿಂದಿನ ಸೀಟಿನಿಂದ ನನ್ನಾಕೆ ಒಂದೇ ಮಾತು ಅಂದಳು: “ರೀ, ಬಸ್ಸಲ್ಲೇ ಹೋಗೋಣ ಅಂದ್ನಲ್ಲಾ.”

ಗಾಡಿ 1978ರ ಅಂಬಾಸಿಡರ್ ಮಾರ್ಕ್ 3. ಅಪ್ಪ ಓಡಿಸಿದ್ದು. ಅವರ ನಂತರ ಎಷ್ಟೋ ವರ್ಷ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ನಾನು ಮೆಕ್ಯಾನಿಕ್ ಅಲ್ಲ, ಲೆಕ್ಕ ಬರೆಯುವ ಕೆಲಸದವನು. ಭಾನುವಾರದ ಕೈಚಳಕ ಅಷ್ಟೇ. ಆದರೆ ಈ ಗಾಡಿಯ ಒಂದು ಗುಣ ನನ್ನಂಥವರಿಗೆ ಒಗ್ಗುತ್ತದೆ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಗಾಡಿಯೇ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ ಅಂಬಾಸಿಡರ್ ಆಗಿದ್ದು. 1489 ಸಿ.ಸಿ. ಎಂಜಿನ್, ಸುತ್ತ ಇಬ್ಬರು ನಿಂತು ಕೆಲಸ ಮಾಡುವಷ್ಟು ಜಾಗ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಗಾಡಿ ನಿಂತರೆ ಕಾರಣ ಎರಡೇ: ಒಂದು ಪೆಟ್ರೋಲು ಬರುತ್ತಿಲ್ಲ, ಇಲ್ಲಾ ಕರೆಂಟು ಬರುತ್ತಿಲ್ಲ.

ಈ ಎರಡರಲ್ಲಿ ಯಾವುದು ಅಂತ ತಿಳಿಯೋಕೆ ನನಗೆ ಮೂರು ತಿಂಗಳು ಹಿಡಿಯಿತು.

ಅವತ್ತು ರಸ್ತೆಬದಿಯಲ್ಲಿ ಸಲಹೆಗೆ ಬರ ಇರಲಿಲ್ಲ. ಅಂಬಾಸಿಡರ್ ನಿಂತಿದೆ ಅಂದರೆ ನಿವೃತ್ತ ಡ್ರೈವರುಗಳೆಲ್ಲ ನೆಲದಿಂದ ಎದ್ದು ಬರುತ್ತಾರೆ. ಎಲ್ಲರದ್ದೂ ಒಂದೇ ತೀರ್ಪು: “ಎ.ಸಿ. ಪಂಪ್ ಬಿಸಿಯಾಗಿದೆ ಸಾರ್, ಒದ್ದೆ ಬಟ್ಟೆ ಹಾಕಿ.” ಎ.ಸಿ. ಪಂಪ್ ಅಂದರೆ ಎಂಜಿನ್‌ಗೆ ಅಂಟಿಕೊಂಡಿರುವ ಪೆಟ್ರೋಲ್ ಪಂಪು. ಅದು ಕಾದರೆ ಒಳಗಿನ ಪೆಟ್ರೋಲು ಆವಿಯಾಗುತ್ತದೆ, ಪಂಪು ಗಾಳಿಯನ್ನೇ ತಳ್ಳುತ್ತಾ ಕೂರುತ್ತದೆ. ಇದು ಸುಳ್ಳಲ್ಲ, ಬೇಸಿಗೆಯಲ್ಲಿ ನಿಜವಾಗಿ ಆಗುವ ತೊಂದರೆ. ಟವೆಲ್ ನೆನೆಸಿ ಸುತ್ತಿದೆ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಗಾಡಿ ಏನೂ ಆಗದವರ ಹಾಗೆ ಸ್ಟಾರ್ಟ್ ಆಯಿತು. ಊಟಕ್ಕೆ ಕೊನೇ ಪಂಕ್ತಿ ಸಿಕ್ಕಿತು.

ಆಮೇಲೆ ಎರಡು ಸಲ ಹೀಗೇ ಆಯಿತು. ಎರಡು ಸಲವೂ ಒದ್ದೆ ಬಟ್ಟೆ, ಎರಡು ಸಲವೂ ಅರ್ಧ ಗಂಟೆ. ಪಂಪ್ ಬದಲಾಯಿಸಿದೆ. ಹಳೇ ರಬ್ಬರ್ ಪೈಪುಗಳನ್ನೂ ತೆಗೆಸಿದೆ. ಅದು ಹೇಗೂ ಮಾಡಬೇಕಾದ ಕೆಲಸವೇ, ಈಗ ಬಂಕಿನಲ್ಲಿ ಸಿಗೋ ಎಥೆನಾಲ್ ಬೆರೆತ ಪೆಟ್ರೋಲು ಹಳೇ ರಬ್ಬರಿಗೆ ಆಗಿಬರಲ್ಲ. ಆದರೂ ಗಾಡಿ ನಿಲ್ಲೋದು ನಿಲ್ಲಲಿಲ್ಲ.

ನಾಲ್ಕನೇ ಸಲ ನಿಂತಿದ್ದು ಕಡಕೊಳದ ಹತ್ತಿರ. ಅವತ್ತು ಟವೆಲ್ ಮನೆಯಲ್ಲೇ ಮರೆತು ಬಂದಿದ್ದೆ, ನೀರೂ ಇರಲಿಲ್ಲ. ಬೇರೆ ದಾರಿಯಿಲ್ಲದೆ ಸುಮ್ನೆ ಮರದ ಕೆಳಗೆ ಕೂತೆ. ಅರ್ಧ ಗಂಟೆ ಆದಮೇಲೆ ಕೀ ತಿರುಗಿಸಿದೆ. ಸ್ಟಾರ್ಟ್! ಆಗ ತಲೆಗೆ ಹೊಳೆಯಿತು. ಇಷ್ಟು ದಿನ ಗಾಡಿಯನ್ನು ಸರಿಮಾಡಿದ್ದು ಬಟ್ಟೆಯಲ್ಲ, ಆ ಅರ್ಧ ಗಂಟೆ. ತಣ್ಣಗಾದರೆ ಸರಿಹೋಗೋದು ಪಂಪ್ ಒಂದೇ ಅಲ್ಲವಲ್ಲ.

ಮಂಡಿ ಮೊಹಲ್ಲಾದಲ್ಲಿ ಹಳೇ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಲ್ಲರೂ ಚಾಚಾ ಅಂತಾರೆ. ಅವರಿಗೆ ಕಥೆಯೆಲ್ಲ ಹೇಳಿದೆ. ಬೀಡಿ ಕೆಳಗಿಟ್ಟು ಕೇಳಿದರು: “ನಿಂತಾಗ ಕರೆಂಟ್ ನೋಡಿದ್ರಾ?” ಇಲ್ಲ ಅಂದೆ. “ಪೆಟ್ರೋಲ್ ನೋಡಿದ್ರಾ?” ಅದೂ ಇಲ್ಲ. “ಮತ್ತೆ ಇಲ್ಲಿಗೆ ಓಡಿಸ್ಕೊಂಡು ಬಂದ್ರೆ ನಾನೇನು ನೋಡ್ಲಿ ಸಾರ್? ಜ್ವರ ಬಿಟ್ಟ ಮೇಲೆ ಥರ್ಮಾಮೀಟರ್ ಇಟ್ಟಂಗಾಯ್ತು.” ದುಡ್ಡು ತಗೊಳ್ಳಲಿಲ್ಲ. ನಿಂತ ಜಾಗದಲ್ಲೇ ಏನು ನೋಡಬೇಕು ಅಂತ ಕಲಿಸಿ ಕಳಿಸಿದರು.

ಡಿಕ್ಕಿಯಲ್ಲಿ ಒಂದು ಬಿಸ್ಕತ್ ಡಬ್ಬಿ ಇಟ್ಟೆ. ಸ್ಕ್ರೂಡ್ರೈವರ್, ಸ್ಪ್ಯಾನರ್, ಸಣ್ಣ ಸಂದು ಅಳೆಯುವ ಫಿಲ್ಲರ್ ಗೇಜು, ಒಣ ಬಟ್ಟೆ, ಒಂದು ಬಾಟಲಿ, ಎರಡು ವೈರ್ ಬೆಸೆದ 12 ವೋಲ್ಟಿನ ಇಂಡಿಕೇಟರ್ ಬಲ್ಬು. ಆಮೇಲೆ ಬೇಕಂತಲೇ ಗಾಡಿ ನಿಲ್ಲಿಸೋಕೆ ಹೊರಟೆ. ಇದು ಕೇಳೋಕೆ ತಮಾಷೆ. ಆದರೆ ಕೆಡಲಿ ಅಂತ ಬಯಸಿ ಓಡಿಸಿದರೆ ಗಾಡಿ ಕೆಡೋದೇ ಇಲ್ಲ. ಎರಡು ಭಾನುವಾರ ಸುಮ್ನೆ ಪೆಟ್ರೋಲು ಸುಟ್ಟೆ. ಮೂರನೇ ಭಾನುವಾರ, ಮತ್ತೆ ನಂಜನಗೂಡು ರಸ್ತೆಯಲ್ಲೇ, ನಿಂತಿತು. ಖುಷಿಯಿಂದ ಬಾನೆಟ್ ಎತ್ತಿದ್ದು ಅದೇ ಮೊದಲು.

ಮೊದಲು ಪೆಟ್ರೋಲು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಪೈಪ್ ಬಿಚ್ಚಿ ಬಾಟಲಿಗೆ ಇಟ್ಟು, ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲಿನ ವೈರ್ ಕಳಚಿ ಸೆಲ್ಫ್ ಹೊಡೆದೆ. ಕಿಡಿ ಹಾರೋ ಹೊತ್ತಲ್ಲಿ ಪೆಟ್ರೋಲು ಚೆಲ್ಲಾಡಬಾರದು, ಅದಕ್ಕೇ ಕಾಯಿಲ್ ಕಳಚೋದು. ಗುಳ್ಳೆ ಇಲ್ಲದೆ ಚಿರ್ ಚಿರ್ ಅಂತ ಧಾರೆ ಬಂತು. ಪಂಪಿನ ತಪ್ಪಿಲ್ಲ. ಪೈಪ್ ಬಿಗಿದು, ಬಾಟಲಿ ದೂರ ಇಟ್ಟು, ಕರೆಂಟಿನ ಕಡೆ ತಿರುಗಿದೆ.

ಡೆಲ್ಕೊ ಮುಚ್ಚಳ ತೆಗೆದೆ. ಕಿಡಿಯನ್ನು ಸರದಿ ಪ್ರಕಾರ ನಾಲ್ಕು ಪ್ಲಗ್ಗಿಗೂ ಹಂಚುವ ಡಿಸ್ಟ್ರಿಬ್ಯೂಟರಿಗೆ ನಮ್ಮ ಗ್ಯಾರೇಜುಗಳಲ್ಲಿ ಡೆಲ್ಕೊ ಅಂತಲೇ ಹೆಸರು. ಒಳಗಿರೋದು ಲ್ಯೂಕಾಸ್ ಕಂಪನಿಯದಾದರೂ ಡೆಲ್ಕೊನೇ. ಅದರೊಳಗೆ ತೆರೆದು ಮುಚ್ಚುತ್ತಾ ಕಾಯಿಲಿನ ಕರೆಂಟನ್ನು ಕಡಿದು ಜೋಡಿಸುವ ಸಿ.ಬಿ. ಪಾಯಿಂಟ್ ಮುಚ್ಚಿಕೊಂಡಿರುವಂತೆ ಗಾಡಿಯನ್ನು ನಾಲ್ಕನೇ ಗೇರಿನಲ್ಲಿ ಒಂಚೂರು ತಳ್ಳಿ ನಿಲ್ಲಿಸಿ ಕೀ ಆನ್ ಮಾಡಿದೆ. ಕಾಯಿಲಿನಿಂದ ಬರುವ ದಪ್ಪ ವೈರನ್ನು ಒಣ ಬಟ್ಟೆಯಲ್ಲಿ ಹಿಡಿದು, ಅದರ ತುದಿ ಎಂಜಿನ್ ಬ್ಲಾಕಿನಿಂದ ಕಾಲಿಂಚು ದೂರ ಇರುವಂತೆ ಇಟ್ಟುಕೊಂಡೆ. ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರಿನಿಂದ ಪಾಯಿಂಟನ್ನು ಮೆಲ್ಲಗೆ ಎಬ್ಬಿಸಿದೆ.

ಆರೋಗ್ಯವಾಗಿರೋ ಗಾಡಿಯಲ್ಲಿ ಆಗಬೇಕಾದ್ದು ಹೀಗೆ: ಪಾಯಿಂಟ್ ಬಿಟ್ಟ ಕ್ಷಣ ವೈರ್ ತುದಿಯಿಂದ ಬ್ಲಾಕಿಗೆ ದಪ್ಪ ನೀಲಿ ಕಿಡಿ, ಟಪ್ ಅಂತ ಸದ್ದು. ನನಗೆ ಕಂಡದ್ದು ಉಲ್ಟಾ. ವೈರ್ ತುದಿಯಲ್ಲಿ ಬಡಕಲು ಹಳದಿ ಕಿಡಿ, ಅದೂ ಒಂದು ಸಲ ಬಂದರೆ ಇನ್ನೊಂದು ಸಲ ಇಲ್ಲ. ಆದರೆ ಸ್ಕ್ರೂಡ್ರೈವರ್ ಇದ್ದ ಕಡೆ, ಪಾಯಿಂಟಿನ ಎರಡು ತುಟಿಗಳ ಮಧ್ಯೆ, ಚಟ್ ಚಟ್ ಅಂತ ಒಳ್ಳೇ ಬೆಳಕು! ವೈರಿಗೆ ಹೋಗಬೇಕಾದ ಕಿಡಿ ದಾರಿಯಲ್ಲೇ ಖರ್ಚಾಗುತ್ತಿತ್ತು.

ಇದು ಕಂಡೆನ್ಸರಿನ ಕೆಲಸ ಕೆಟ್ಟ ಲಕ್ಷಣ. ಪಾಯಿಂಟ್ ಮುಚ್ಚಿದಾಗ ಕಾಯಿಲಿನೊಳಗೆ ಕರೆಂಟ್ ಹರಿಯುತ್ತದೆ. ಪಾಯಿಂಟ್ ತೆರೆದಾಗ ಅದು ಥಟ್ಟನೆ ನಿಲ್ಲಬೇಕು. ಥಟ್ಟನೆ ನಿಂತರಷ್ಟೇ ಕಾಯಿಲಿನ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿಗೆ ಹೋಗೋದು. ತೆರೆಯುವ ಹೊತ್ತಿಗೆ ಪಾಯಿಂಟ್ ದಾಟಿ ನುಗ್ಗಲು ನೋಡುವ ಕರೆಂಟನ್ನು ಹಿಡಿದು ಇಟ್ಟುಕೊಳ್ಳೋದೇ ಹೆಬ್ಬೆರಳಿನಷ್ಟು ದೊಡ್ಡ ಆ ತಗಡಿನ ಡಬ್ಬಿ. ಅದು ಕೈಬಿಟ್ಟರೆ ಪಾಯಿಂಟಿನಲ್ಲೇ ಸಿಡಿದು ಮುಗಿಯುತ್ತದೆ, ಪಾಯಿಂಟ್ ಕಪ್ಪಾಗುತ್ತದೆ. ನಮ್ಮ ಗಾಡಿಯಲ್ಲಿ ಅದು ಡೆಲ್ಕೊದ ಒಳಗೇ ಕೂತಿರೋದರಿಂದ ಎಂಜಿನ್ ಕಾದಂತೆ ಅದೂ ಕಾಯುತ್ತದೆ.

ಕಂಡೆನ್ಸರನ್ನು ಮನೆಗೆ ತಂದು ಬಿಚ್ಚಿ ಮಲ್ಟಿಮೀಟರಿಗೆ ಹಚ್ಚಿದೆ. 0.2 ಮೈಕ್ರೊಫ್ಯಾರಡ್ ಸುತ್ತಮುತ್ತ ಇರಬೇಕು, ಅಷ್ಟೇ ತೋರಿಸಿತು. ಏನೂ ಕೆಟ್ಟಿಲ್ಲ ಅನ್ನೋ ಹಾಗೆ! ಆಮೇಲೆ ನನ್ನಾಕೆಯ ಹೇರ್ ಡ್ರೈಯರ್ ಕದ್ದು ತಂದು ಬಿಸಿ ಮಾಡಿದೆ. ಬಿಸಿಯಾಗುತ್ತಾ ಹೋದ ಹಾಗೆ ಅಂಕಿ ಕುಣಿಯೋಕೆ ಶುರುವಾಗಿ ಕೊನೆಗೆ ಬಿದ್ದೇ ಹೋಯಿತು. ತಣ್ಣಗಾದ ಮೇಲೆ ಮತ್ತೆ 0.2. ಕಳ್ಳ ಸಿಕ್ಕಿಬಿದ್ದ.

ಹೊಸ ಕಂಡೆನ್ಸರ್ ಮೂರು ತಂದೆ. ಮೂರರಲ್ಲಿ ಒಂದು ಪ್ಯಾಕೆಟಿನಲ್ಲೇ ಸತ್ತಿತ್ತು. ಅವತ್ತಿನಿಂದ ಹೊಸ ಸಾಮಾನನ್ನೂ ಅಳೆಯದೆ, ಬಿಸಿ ಮಾಡದೆ ಹಾಕಲ್ಲ. ಪಾಯಿಂಟನ್ನೂ ಬದಲಾಯಿಸಿ 15 ತೌ ಗ್ಯಾಪ್ ಇಟ್ಟೆ, ಅಂದರೆ 0.015 ಇಂಚು. ಪ್ಲಗ್ಗಿನ ಗ್ಯಾಪ್ 25 ತೌ. ಅದಕ್ಕೆ ಚಾಚಾ ಗೇಜೇ ಮುಟ್ಟಲ್ಲ, ಕಬ್ಬಿಣ ಕೊಯ್ಯುವ ಆಕ್ಸಾ ಬ್ಲೇಡ್ ತೂರಿಸುತ್ತಾರೆ. ಅಳೆದು ನೋಡಿದೆ, ಬ್ಲೇಡಿನ ದಪ್ಪ ಸರಿಯಾಗಿ 25 ತೌ ಇದೆ!

ಬಿಸಿಯಾಗಿ ನಿಲ್ಲೋದು ನಿಂತಿತು. ಬೀಗುತ್ತಿದ್ದೆ. ಎರಡು ತಿಂಗಳಾದ ಮೇಲೆ ಹೊಸ ರೋಗ ಶುರುವಾಯಿತು. ಚಾಮುಂಡಿ ಬೆಟ್ಟ ಹತ್ತುವಾಗ ಮಿಸ್ಸಿಂಗ್. ಸಮತಟ್ಟು ರಸ್ತೆಯಲ್ಲಿ ಬೆಣ್ಣೆ ಹಾಗೆ ಓಡುತ್ತದೆ. ಏರು ಬಂದು ಎಕ್ಸಲರೇಟರ್ ಜಾಸ್ತಿ ಒತ್ತಿದರೆ ಭಡ್ ಭಡ್ ಅಂತ ಒದ್ದಾಡುತ್ತದೆ. ಕಾಲು ಸಡಿಲಿಸಿದರೆ ಮತ್ತೆ ಸರಿ.

ಏರಿನಲ್ಲಿ ಒದ್ದಾಟ ಅಂದರೆ ಪೆಟ್ರೋಲು ಸಾಲುತ್ತಿಲ್ಲ ಅಂತ ಯಾರಿಗಾದರೂ ಅನಿಸುತ್ತೆ, ಅಲ್ವಾ? ನನಗೂ ಅನಿಸಿತು. ಇಲ್ಲಿ ನಾನು ಮಾಡಿದ ತಪ್ಪು ಕಂಡೆನ್ಸರಿನ ಕಥೆಗಿಂತ ದೊಡ್ಡದು. ಒಂದೇ ಮಧ್ಯಾಹ್ನ ಎಸ್.ಯು. ಕಾರ್ಬುರೇಟರ್ ಬಿಚ್ಚಿ ತೊಳೆದೆ, ಮೇಲಿನ ಡ್ಯಾಶ್‌ಪಾಟಿಗೆ ಎಣ್ಣೆ ಹಾಕಿದೆ, ಫ್ಲೋಟ್ ಲೆವೆಲ್ ಬದಲಾಯಿಸಿದೆ, ಮಿಕ್ಸ್‌ಚರ್ ತಿರುಗಿಸಿದೆ, ಸಾಲದ್ದಕ್ಕೆ ಟ್ಯಾಪೆಟ್ಟೂ ಹೊಂದಿಸಿದೆ. ಮಿಸ್ಸಿಂಗ್ ಹೋಗಲಿಲ್ಲ. ಜೊತೆಗೆ ಪ್ಲಗ್ಗೆಲ್ಲ ಮಸಿ ಹಿಡಿದು ಕಪ್ಪು. ಈಗ ಯಾವ ಕಪ್ಪು ಯಾವ ಸ್ಕ್ರೂವಿನದು ಅಂತ ಹೇಗೆ ಹೇಳೋದು? ಎಲ್ಲವನ್ನೂ ಮೊದಲಿನ ಜಾಗಕ್ಕೆ ತರೋಕೆ ಇನ್ನೆರಡು ವಾರ ಹೋಯಿತು. ಅಲ್ಲಿಂದ ಒಂದು ಹಳೇ ಡೈರಿ ಇಟ್ಟಿದ್ದೇನೆ. ಒಂದು ಸಲಕ್ಕೆ ಒಂದೇ ಸ್ಕ್ರೂ, ಎಷ್ಟು ಸುತ್ತು ಯಾವ ಕಡೆ, ಬರೆದ ಮೇಲೆಯೇ ಎರಡನೆಯದು.

ಕೊನೆಗೆ ದಾರಿ ತೋರಿಸಿದ್ದು ಒಂದು ಸಣ್ಣ ಪೈಪು. ಕಾರ್ಬುರೇಟರಿನಿಂದ ಡೆಲ್ಕೊಗೆ ಒಂದು ತೆಳು ಪೈಪ್ ಹೋಗುತ್ತದೆ, ವ್ಯಾಕ್ಯೂಮ್ ಅಡ್ವಾನ್ಸಿನದು. ಕಾಲು ಹಗುರಾಗಿ ಇಟ್ಟು ಓಡಿಸುವಾಗ ಎಂಜಿನ್ ಆ ಪೈಪಿನಿಂದ ಗಾಳಿ ಎಳೆಯುತ್ತದೆ. ಡೆಲ್ಕೊದೊಳಗಿನ ಪ್ಲೇಟು ಒಂದಿಷ್ಟು ತಿರುಗುತ್ತದೆ, ಕಿಡಿ ಸ್ವಲ್ಪ ಮುಂಚೆ ಹಾರುತ್ತದೆ. ಏರಿನಲ್ಲಿ ಎಕ್ಸಲರೇಟರ್ ಒತ್ತಿದಾಗ ಎಳೆತ ಕಡಿಮೆಯಾಗಿ ಪ್ಲೇಟು ವಾಪಸ್ ಬರುತ್ತದೆ. ಅಂದರೆ ಏರಿನಲ್ಲಿ ಬದಲಾಗೋದು ಪೆಟ್ರೋಲ್ ಒಂದೇ ಅಲ್ಲ. ಪಾಯಿಂಟ್ ಕೂತಿರುವ ಪ್ಲೇಟೂ ಜರುಗುತ್ತದೆ. ಅದರ ಜೊತೆ ಪಾಯಿಂಟಿಗೆ ಬರುವ ವೈರೂ ಬಗ್ಗಿ ನೆಟ್ಟಗಾಗುತ್ತದೆ, ದಿನಕ್ಕೆ ಸಾವಿರ ಸಲ.

ಬಲ್ಬು ತೆಗೆದೆ. ಒಂದು ವೈರ್ ಕಾಯಿಲಿನಲ್ಲಿ ಡೆಲ್ಕೊ ಕಡೆಯ ಟರ್ಮಿನಲ್ಲಿಗೆ, ಇನ್ನೊಂದು ಬಾಡಿಗೆ. ಕೀ ಆನ್. ಪಾಯಿಂಟ್ ತೆರೆದಿದ್ದರೆ ಬಲ್ಬು ಉರಿಯಬೇಕು, ಮುಚ್ಚಿದ್ದರೆ ಆರಬೇಕು. ಪ್ಲೇಟು ತಿರುಗಿದರೂ ಪಾಯಿಂಟ್ ತೆರೆಯದ ಹಾಗೆ, ಮುಚ್ಚಿರುವ ಅವಧಿಯ ನಟ್ಟ ನಡುವೆ ಎಂಜಿನ್ ನಿಲ್ಲಿಸಿಕೊಂಡೆ. ಬಲ್ಬು ಆರಿತ್ತು, ಸರಿ. ಆಮೇಲೆ ವ್ಯಾಕ್ಯೂಮ್ ಪೈಪನ್ನು ಕಾರ್ಬುರೇಟರಿನಿಂದ ಕಳಚಿ ಬಾಯಲ್ಲಿಟ್ಟು ಎಳೆದೆ, ಎಳನೀರು ಕುಡಿದ ಹಾಗೆ. ಒಳಗೆ ಪ್ಲೇಟು ಕಟ್ ಅಂತ ಜರುಗಿತು. ಬಲ್ಬು ಆರಿಯೇ ಇತ್ತು. ಉಸಿರು ಬಿಟ್ಟೆ. ಪ್ಲೇಟು ವಾಪಸ್ ಬರುವಾಗ ಬಲ್ಬು ಮಿಣಕ್ ಅಂತು. ಮತ್ತೆ ಎಳೆದೆ, ಬಿಟ್ಟೆ. ಮಿಣಕ್.

ಆ ಪುಟ್ಟ ವೈರನ್ನು ಬಿಚ್ಚಿ ಬೆರಳಲ್ಲಿ ಹಿಡಿದು ನೋಡಿದೆ. ಮೇಲಿನ ಅಂಗಿ ಏನೂ ಹರಿದಿರಲಿಲ್ಲ. ಎಳೆದರೆ ಮಾತ್ರ ರಬ್ಬರಿನ ಹಾಗೆ ಉದ್ದವಾಗುತ್ತಿತ್ತು. ಒಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿ, ತುದಿಗೆ ತುದಿ ತಾಗಿಕೊಂಡು ಹೇಗೋ ದಿನ ದೂಡುತ್ತಿದ್ದವು. ಕಣ್ಣಲ್ಲಿ ನೋಡಿ ಇದನ್ನು ಹಿಡಿಯೋಕೆ ಸಾಧ್ಯವೇ ಇರಲಿಲ್ಲ.

ಮನೆಯಲ್ಲಿದ್ದ ಮಾಮೂಲಿ ವೈರಿಂಗ್ ತುಂಡು ಹಾಕಿದೆ. ಹತ್ತೇ ದಿನದಲ್ಲಿ ಅದೂ ಮುರಿಯಿತು, ಬಿರುಸಾದ ವೈರು ಬಗ್ಗಾಟ ತಡೆಯಲ್ಲ. ಆಮೇಲೆ ಒಂದು ಹಳೇ ಮಲ್ಟಿಮೀಟರಿನ ಪ್ರೋಬ್ ವೈರ್ ಕತ್ತರಿಸಿದೆ. ಅದರೊಳಗೆ ಕೂದಲಿಗಿಂತ ತೆಳುವಾದ ಎಳೆಗಳು ನೂರಾರು, ನೂಲಿನ ಹಾಗೆ ಮೆತ್ತಗೆ ಬಗ್ಗುತ್ತದೆ. ಎರಡು ತುದಿಗೆ ಟ್ಯಾಗ್ ಬೆಸೆದು ಹಾಕಿದೆ. ಬೆಸೆಯುವಾಗ ಸೀಸ ವೈರಿನೊಳಗೆ ಜಾಸ್ತಿ ಇಳಿಯದ ಹಾಗೆ ನೋಡಿಕೊಳ್ಳಬೇಕು, ಇಳಿದ ಕಡೆ ಮತ್ತೆ ಕಡ್ಡಿಯಂತಾಗಿ ಅಲ್ಲೇ ಮುರಿಯುತ್ತದೆ. ಎರಡು ಮಳೆಗಾಲ ಆಯಿತು, ಇನ್ನೂ ಅದೇ ಇದೆ.

ಮಳೆಗಾಲದ ರಗಳೆ ಬೇರೆ, ಅದು ಸಣ್ಣದು. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಡೆಲ್ಕೊ ಮುಚ್ಚಳದ ಒಳಗೆ ನೀರು ಬೆವರಿರುತ್ತದೆ. ಒರೆಸಿದರೆ ಮುಗಿಯಿತು. ಒರೆಸಿದರೂ ಮಿಸ್ ಹೊಡೆದರೆ ರಾತ್ರಿ ದೀಪ ಆರಿಸಿ, ಎಂಜಿನ್ ಓಡುತ್ತಿರುವಾಗ ಬಾನೆಟ್ ಎತ್ತಿ ನೋಡಿ. ಪ್ಲಗ್ಗಿಗೆ ಹೋಗುವ ಹಳೇ ಎಚ್.ಟಿ. ವೈರುಗಳ ಮೇಲೆ ಮಿಂಚುಹುಳದ ಹಾಗೆ ನೀಲಿ ಕಿಡಿ ಓಡಾಡುತ್ತಿದ್ದರೆ ನಾಲ್ಕನ್ನೂ ಬದಲಾಯಿಸಿಬಿಡಿ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ನಾನು ಒಂದು ಸಲ ಮುಟ್ಟಿ ತಲೆಯನ್ನು ಬಾನೆಟ್ಟಿಗೆ ಬಡಿಸಿಕೊಂಡಿದ್ದೇನೆ.

ಈಗ ಬೆಟ್ಟಕ್ಕೆ ಟಾಪ್ ಗೇರಿನಲ್ಲಿ ಸಾಕಷ್ಟು ದೂರ ಹತ್ತುತ್ತದೆ. ಆದರೆ ಐಡ್ಲಿಂಗಿನಲ್ಲಿ ಇನ್ನೂ ಒಂದು ಸಣ್ಣ ನಡುಕ ಇದೆ. ಪಾಯಿಂಟ್ ಗ್ಯಾಪನ್ನು, ಅದನ್ನು ತೆರೆಯುವ ಕ್ಯಾಮಿನ ನಾಲ್ಕು ಮೂಲೆಯಲ್ಲೂ ಅಳೆದೆ. ಮೂರು ಕಡೆ 15 ತೌ, ಒಂದು ಕಡೆ 18. ಡೆಲ್ಕೊ ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಆಟ ಕೈಗೇ ತಿಳಿಯುತ್ತದೆ, ಶಾಫ್ಟ್ ತಿರುಗುವ ಬುಷ್ ಸವೆದಿದೆ. ಹೊಸ ಬುಷ್ ಹೊಡೆಯೋಕೆ ಲೇತ್ ಬೇಕು. ಚಾಚಾ ನೋಡಿ, “ದಸರಾ ಮುಗೀಲಿ ಸಾರ್, ಬಿಚ್ಚೋಣ” ಅಂದಿದ್ದಾರೆ.