ಮುಂಬೈ, ಪುಣೆ, ಗೋವಾ: ಅಂಡಾಣು ದಾನ, ಸರೋಗಸಿಗೆ ಏಜೆನ್ಸಿಯವರ ಬಳಿ ಹೋಗುವ ಮುಂಚೆ

ಸರೋಗಸಿ ಎಂದರೆ ದಂಪತಿಗಾಗಿ ಇನ್ನೊಬ್ಬ ಹೆಂಗಸು ಗರ್ಭ ಹೊರುವುದು. ಭಾರತದಲ್ಲಿ ಇವತ್ತು ಕಾನೂನಿನ ಒಳಗಿರುವ 'ಸರೋಗಸಿ ಏಜೆನ್ಸಿ' ಎಂಬುದಿಲ್ಲ. ಸರೋಗಸಿ ಮತ್ತು ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡುವ ಚಿಕಿತ್ಸೆ) ಕುರಿತ ಎರಡೂ ಕಾಯ್ದೆಗಳು 2022ರ ಜನವರಿ 25ರಂದು ಜಾರಿಗೆ ಬಂದವು. ಅಂದಿನಿಂದ ಹಣಕ್ಕೆ ಗರ್ಭ ಹೊರುವುದೂ ಹೊರಿಸುವುದೂ ಅಪರಾಧ. ನಾವು ಮಾತಿನಲ್ಲಿ ಇನ್ನೂ 'ಬಾಡಿಗೆ ತಾಯಿ' ಎನ್ನುತ್ತೇವೆ, ಆದರೆ ಬಾಡಿಗೆ ಕೊಡುವ ಹಾಗೇ ಇಲ್ಲ. ವೈದ್ಯಕೀಯ ಖರ್ಚು, ವಿಮೆ ಮತ್ತು ನಿಯಮದಲ್ಲಿ ಹೇಳಿದ ವೆಚ್ಚ, ಇಷ್ಟೇ. ಹಾಗಾಗಿ ಥಾಣೆಯಲ್ಲೋ ಪುಣೆಯಲ್ಲೋ ಯಾರಾದರೂ "ಹೆಂಗಸನ್ನು ನಾವೇ ಹುಡುಕಿ ಕೊಡುತ್ತೇವೆ, ಪ್ಯಾಕೇಜ್ ಇಷ್ಟು" ಎಂದರೆ ಎದ್ದು ಬನ್ನಿ. ದಲ್ಲಾಳಿಗಳ ಮೂಲಕ ತಾಯಂದಿರನ್ನು ಹೊಂದಿಸುವವರಿಗೆ 10 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಹಣ ಕೊಟ್ಟು ಮಾಡಿಸಿಕೊಂಡ ದಂಪತಿಗೂ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅದೂ ಜಾಮೀನುರಹಿತ ಅಪರಾಧ, ಕೋರ್ಟು ಒಪ್ಪಿದರಷ್ಟೇ ಜಾಮೀನು.

ನೀವು ಧೈರ್ಯವಾಗಿ ವ್ಯವಹರಿಸಬಹುದಾದ ಏಜೆನ್ಸಿ ಒಂದೇ: ನೋಂದಾಯಿತ ಎಆರ್‌ಟಿ (ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ) ಬ್ಯಾಂಕ್. ಅಂಡಾಣು ದಾನಿಯನ್ನು ಹುಡುಕಿ, ತಪಾಸಣೆ ಮಾಡಿ, ಒದಗಿಸುವ ಅಧಿಕಾರ ಅದಕ್ಕೆ ಮಾತ್ರ ಇದೆ. ಅಂಡಾಣು ತೆಗೆಯುವುದು, ಭ್ರೂಣ ಮಾಡುವುದು ಎರಡನೇ ಹಂತದ ಎಆರ್‌ಟಿ ಕ್ಲಿನಿಕ್ಕಿನ ಕೆಲಸ. ಸರೋಗಸಿ ಮಾಡಿಸುವ ಕ್ಲಿನಿಕ್ಕಿಗೆ ಪ್ರತ್ಯೇಕ ನೋಂದಣಿ ಬೇಕು. ಬ್ಯಾಂಕಿನ ಮತ್ತು ಕ್ಲಿನಿಕ್ಕಿನ ನೋಂದಣಿ ಪತ್ರಗಳೆರಡನ್ನೂ ಕೇಳಿ ನೋಡಿ. ಹೆಸರು, ವಿಳಾಸ, ಮುಗಿಯುವ ದಿನಾಂಕ ಓದಿಕೊಳ್ಳಿ. ಅಂಧೇರಿ ಶಾಖೆಯ ಪತ್ರ ತೋರಿಸಿ ಡೊಂಬಿವಲಿಯಲ್ಲಿ ಕೆಲಸ ಮಾಡುವವರಿದ್ದರೆ ಆ ಪತ್ರ ನಿಮಗೆ ಉಪಯೋಗವಿಲ್ಲ.

ಬ್ಯಾಂಕಿನಲ್ಲಿ ಏನು ಕೇಳಬೇಕು

ದಾನಿಯ ವಯಸ್ಸು 23ರಿಂದ 35ರ ಒಳಗಿರಬೇಕು. ಆಕೆ ಜೀವನದಲ್ಲಿ ಒಂದೇ ಸಲ ದಾನ ಮಾಡಬಹುದು, ಆಗ ತೆಗೆಯಬಹುದಾದ ಅಂಡಾಣು 7ಕ್ಕಿಂತ ಹೆಚ್ಚಿರುವಂತಿಲ್ಲ. ಒಬ್ಬ ದಾನಿಯ ಅಂಡಾಣು ಒಂದೇ ದಂಪತಿಗೆ. ಈ ಮೂರು ನಿಯಮ ಗೊತ್ತಿದ್ದರೆ ಸುಳ್ಳು ಮಾತು ಅಲ್ಲೇ ಸಿಕ್ಕಿಬೀಳುತ್ತದೆ. "ಈ ದಾನಿಯಿಂದ ಈಗಾಗಲೇ ಎರಡು ಮಕ್ಕಳಾಗಿವೆ, ಗ್ಯಾರಂಟಿ" ಎಂದು ಯಾರಾದರೂ ಹೊಗಳಿದರೆ ಅವರು ತಮ್ಮ ತಪ್ಪನ್ನು ತಾವೇ ಒಪ್ಪಿಕೊಂಡಂತೆ. "15 ಅಂಡಾಣು ಕೊಡುತ್ತೇವೆ", "ಇನ್ನೊಂದು ದಂಪತಿಯ ಜೊತೆ ಹಂಚಿಕೊಂಡರೆ ಖರ್ಚು ಅರ್ಧ" ಎಂಬುದೂ ಹಾಗೆಯೇ.

ಏಳು ಅಂಡಾಣು ಎಂದರೆ ಏಳು ಮಕ್ಕಳ ಅವಕಾಶವಲ್ಲ. ಏಳರಲ್ಲಿ ಪಕ್ವವಾಗಿರುವುದು ಐದಾರು. ಇಕ್ಸಿ (ಅಂಡಾಣುವಿನೊಳಗೆ ವೀರ್ಯಾಣು ಚುಚ್ಚಿ ಸೇರಿಸುವುದು) ಮಾಡಿದಾಗ ಫಲಿಸುವುದು ಸುಮಾರು ನಾಲ್ಕು. ಐದನೇ ದಿನದ ಬ್ಲಾಸ್ಟೊಸಿಸ್ಟ್ (ಗರ್ಭಕೋಶಕ್ಕೆ ಸೇರಿಸುವಷ್ಟು ಬೆಳೆದ ಭ್ರೂಣ) ಹಂತಕ್ಕೆ ಬರುವುದು ಎರಡರ ಆಸುಪಾಸು, ಕೆಲವೊಮ್ಮೆ ಒಂದೂ ಇಲ್ಲ. ಹೆಪ್ಪುಗಟ್ಟಿಸಿದ ಅಂಡಾಣುವಾದರೆ ಕರಗಿಸುವಾಗಲೇ ಒಂದೋ ಎರಡೋ ಹಾಳಾಗಬಹುದು. ಆದ್ದರಿಂದ ಹಣ ಕಟ್ಟುವ ಮುಂಚೆಯೇ ಬರಹದಲ್ಲಿ ಕೇಳಿ: ಪಕ್ವ ಅಂಡಾಣು ನಾಲ್ಕಕ್ಕಿಂತ ಕಡಿಮೆ ಬಂದರೆ ಏನು, ದಾನಿ ಮಧ್ಯದಲ್ಲಿ ಹಿಂದೆ ಸರಿದರೆ ಏನು, ಭ್ರೂಣವೇ ಆಗದಿದ್ದರೆ ಏನು. ರಸೀದಿಯಲ್ಲಿ ತಪಾಸಣೆ, ಔಷಧ, ವಿಮೆ, ಬ್ಯಾಂಕಿನ ಸೇವಾ ಶುಲ್ಕ ಬೇರೆಬೇರೆ ಸಾಲಿನಲ್ಲಿರಲಿ. 'ಅಂಡಾಣುವಿನ ಬೆಲೆ' ಎಂಬ ಸಾಲು ಇರಕೂಡದು, ಮಾರಾಟ ನಿಷಿದ್ಧ.

ಬಹಳ ಜನ ಮೊದಲು ಕೇಳುವುದು ಬಣ್ಣ, ಎತ್ತರ, ಜಾತಿ. ಆ ಆಸೆ ಅರ್ಥವಾಗುತ್ತದೆ, ಆದರೆ ಮಗುವಿನ ಆರೋಗ್ಯಕ್ಕೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಕೇಳಬೇಕಾದದ್ದು ಎಎಂಎಚ್ (ಅಂಡಾಣು ಸಂಗ್ರಹ ಸೂಚಿಸುವ ಹಾರ್ಮೋನ್) ಪ್ರಮಾಣ, ಸ್ಕ್ಯಾನಿನಲ್ಲಿ ಕಂಡ, ಅಂಡಾಣು ಬೆಳೆಯುವ ಕೋಶಕಗಳ ಸಂಖ್ಯೆ, ರಕ್ತದ ಗುಂಪು, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ವರದಿ. ಇದರ ಜೊತೆ ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ (ಥಲಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಪತ್ತೆಮಾಡುವ) ಪರೀಕ್ಷೆಯನ್ನು ಪಟ್ಟು ಹಿಡಿದು ಕೇಳಿ, ಗಂಡನಿಗೂ ಮಾಡಿಸಿ. ದಾನಿ, ಗಂಡ ಇಬ್ಬರೂ ಥಲಸೀಮಿಯಾ ಮೈನರ್ (ಕಾಯಿಲೆಯ ವಾಹಕರು) ಆಗಿದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಅದರ ತೀವ್ರ ರೂಪವಾದ ಥಲಸೀಮಿಯಾ ಮೇಜರ್ ಬರುವ ಅಪಾಯವಿದೆ.

ದಾನಿಯ ಹೆಸರು, ವಿಳಾಸ ನಿಮಗೆ ಸಿಗುವುದಿಲ್ಲ, ಕೇಳಲೂ ಬೇಡಿ. ಆದರೆ ಆಕೆಯ ಹೊಣೆ ನಿಮ್ಮ ಮೇಲಿದೆ. ಮುಟ್ಟಿನ ಎರಡನೇ ಅಥವಾ ಮೂರನೇ ದಿನದಿಂದ ಆಕೆ 9ರಿಂದ 12 ದಿನ ಇಂಜೆಕ್ಷನ್ ತೆಗೆದುಕೊಳ್ಳುತ್ತಾಳೆ. ಅಂಡಾಣು ಪಕ್ವವಾಗಲು ಕೊಡುವ ಕೊನೆಯ ಟ್ರಿಗರ್ ಇಂಜೆಕ್ಷನ್ ಆಗಿ 34ರಿಂದ 36 ಗಂಟೆಗೆ ಅರಿವಳಿಕೆ ಕೊಟ್ಟು ಅಂಡಾಣು ತೆಗೆಯುತ್ತಾರೆ. ಅಂಡಾಶಯ ಅತಿಯಾಗಿ ಊದಿಕೊಂಡರೆ ಹೊಟ್ಟೆ ಉಬ್ಬರ, ಮೂತ್ರ ಕಡಿಮೆ, ಒಂದೆರಡು ದಿನದಲ್ಲೇ ತೂಕ ಏರಿಕೆ, ಉಸಿರು ಕಟ್ಟುವಿಕೆ ಬರಬಹುದು, ಜೀವಕ್ಕೂ ಕುತ್ತಾಗಬಹುದು. ಆಂಟಗಾನಿಸ್ಟ್ ಕ್ರಮ (ಅಂಡಾಣು ಅವಧಿಗೆ ಮುಂಚೆ ಬಿಡುಗಡೆಯಾಗದಂತೆ ತಡೆಯುವ ಔಷಧ) ಬಳಸಿ, ಟ್ರಿಗರ್ ಆಗಿ ಎಚ್‌ಸಿಜಿ ಹಾರ್ಮೋನಿನ ಬದಲು ಅಗಾನಿಸ್ಟ್ ಎಂಬ ಬೇರೆ ಔಷಧ ಕೊಟ್ಟರೆ ಈ ಅಪಾಯ ಬಹಳ ತಗ್ಗುತ್ತದೆ. ನಿಮ್ಮ ವೈದ್ಯರನ್ನು ಅದನ್ನೇ ಕೇಳಿ. ಆಕೆಯ ಹೆಸರಿಗೆ 12 ತಿಂಗಳ ವಿಮೆ ಮಾಡಿಸುವುದು ನಿಮ್ಮ ಕರ್ತವ್ಯ. ಪಾಲಿಸಿ ಸಂಖ್ಯೆ ಬಂದ ಮೇಲೆಯೇ ಇಂಜೆಕ್ಷನ್ ಶುರುವಾಗಲಿ.

ಸರೋಗಸಿಯೂ ಬೇಕಾದರೆ

ದಂಪತಿ ಮದುವೆಯಾಗಿರಬೇಕು. ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವರ್ಷ. ಲೆಕ್ಕ ಹಿಡಿಯುವುದು ಅರ್ಹತಾ ಪ್ರಮಾಣಪತ್ರ ಕೊಡುವ ದಿನಕ್ಕೆ, ಅರ್ಜಿ ಹಾಕಿದ ದಿನಕ್ಕಲ್ಲ. 49 ದಾಟಿದವರು ಒಂದು ತಿಂಗಳನ್ನೂ ಕಳೆದುಕೊಳ್ಳಬಾರದು. (ಕಾಯ್ದೆಗೆ ಮುಂಚೆಯೇ ಭ್ರೂಣ ಹೆಪ್ಪುಗಟ್ಟಿಸಿ ಇಟ್ಟವರಿಗೆ ಈ ವಯೋಮಿತಿ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 9ರಂದು ಹೇಳಿದೆ.) ಬದುಕಿರುವ ಮಗು ಇರಬಾರದು, ಗುಣವಾಗದ ಮಾರಣಾಂತಿಕ ಕಾಯಿಲೆ ಅಥವಾ ಅಂಗವೈಕಲ್ಯ ಇರುವ ಮಗುವಾದರೆ ವಿನಾಯಿತಿ ಇದೆ. 35ರಿಂದ 45ರ ವಿಧವೆ, ವಿಚ್ಛೇದಿತೆಯರಿಗೂ ಅವಕಾಶವಿದೆ, ಆದರೆ ಅವರು ಸ್ವಂತ ಅಂಡಾಣುವನ್ನೇ ಬಳಸಬೇಕು.

ಅಂಡಾಣು ದಾನ ಮತ್ತು ಸರೋಗಸಿ ಒಟ್ಟಿಗೆ ಬೇಕಾದ ದಂಪತಿಗೆ 2024ರ ಫೆಬ್ರುವರಿ 21ರ ತಿದ್ದುಪಡಿಯೇ ದಾರಿ. ದಾನಿಯ ಅಂಡಾಣು ಏಕೆ ಬೇಕೆಂದು ಜಿಲ್ಲಾ ವೈದ್ಯಕೀಯ ಮಂಡಳಿ ಪ್ರಮಾಣೀಕರಿಸಬೇಕು, ಆಗ ವೀರ್ಯ ಗಂಡನದ್ದೇ ಆಗಿರಬೇಕು. ಗರ್ಭಕೋಶ ಇಲ್ಲ ಎಂಬ ಕಾರಣಕ್ಕೆ ಮಂಡಳಿಗೆ ಹೋದವರು ಅಂಡಾಣುವಿನ ವಿಷಯವನ್ನು ಅದೇ ಕಡತದಲ್ಲಿ ಸೇರಿಸಿ, ಇಲ್ಲದಿದ್ದರೆ ಇನ್ನೊಮ್ಮೆ ಓಡಾಟ.

ಗರ್ಭ ಹೊರುವವಳು 25ರಿಂದ 35ರ, ಮದುವೆಯಾಗಿ ಸ್ವಂತ ಮಗು ಇರುವ, ತಾನಾಗಿ ಒಪ್ಪಿದ ಹೆಂಗಸು. ಜೀವನದಲ್ಲಿ ಒಂದೇ ಸಲ, ಗರಿಷ್ಠ ಮೂರು ಪ್ರಯತ್ನ. ಆಕೆಯ ಅಂಡಾಣು ಬಳಸುವಂತಿಲ್ಲ. ಈ ಒಬ್ಬಳನ್ನು ಯಾವ ಏಜೆನ್ಸಿಯೂ ತಂದುಕೊಡುವಂತಿಲ್ಲ, ಅತ್ತಿಗೆ, ನಾದಿನಿ, ತಂಗಿ, ಗೆಳತಿ ಹೀಗೆ ನಿಮ್ಮ ಬಳಗದಿಂದಲೇ ಬರಬೇಕು.

ಕಾಗದದ ಕ್ರಮ ಹೀಗಿರಲಿ: ಮೊದಲು ಜಿಲ್ಲಾ ಮಂಡಳಿಯ ವೈದ್ಯಕೀಯ ಕಾರಣದ ಪತ್ರ. ಆಮೇಲೆ ಗರ್ಭ ಹೊರುವವಳ ದೈಹಿಕ, ಮಾನಸಿಕ ಅರ್ಹತೆಯ ಪತ್ರ. ನಂತರ ಆಕೆಗೆ 36 ತಿಂಗಳ ವಿಮೆ ಮತ್ತು ನಿಮ್ಮ ಅಫಿಡವಿಟ್. ಆಮೇಲೆ ಮಗು ನಿಮ್ಮದೆಂದು ಹೇಳುವ ಮೊದಲ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ, ಇದಕ್ಕೆ ನೀವು ಮತ್ತು ಆಕೆ ಕೂಡಿಯೇ ಅರ್ಜಿ ಹಾಕಬೇಕು. ಕೊನೆಗೆ ಸಕ್ಷಮ ಪ್ರಾಧಿಕಾರದ (ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿಗಳ) ಅಗತ್ಯತಾ ಮತ್ತು ಅರ್ಹತಾ ಪತ್ರಗಳು. ವಿಮೆಯಲ್ಲಿ ಹೆರಿಗೆಗೆ ಕಾಯುವ ಅವಧಿ, ಸರೋಗಸಿ ಹೊರತು ಎಂಬ ಸಾಲು ಇದೆಯೇ ಎಂದು ಪುಟ ತಿರುವಿ ನೋಡಿ. ಸಾಮಾನ್ಯ ಪಾಲಿಸಿ ಇಲ್ಲೇ ಕೈಕೊಡುವುದು.

ಇಲ್ಲಿ ನೆಲೆಸಿದ ನಮ್ಮ ಕನ್ನಡಿಗರ ಕಡತ ನಿಲ್ಲುವುದು ಹೆಸರಿನ ವ್ಯತ್ಯಾಸದಲ್ಲಿ. ಊರಿನ ಮದುವೆ ಪತ್ರದಲ್ಲಿ ತಂದೆಯ ಹೆಸರಿನ ಇನಿಷಿಯಲ್, ಮಹಾರಾಷ್ಟ್ರದ ಆಧಾರ್‌ನಲ್ಲಿ ನಡುವೆ ಗಂಡನ ಹೆಸರು, ಪ್ಯಾನ್‌ನಲ್ಲಿ ತವರಿನ ಅಡ್ಡಹೆಸರು. ಮಂಡಳಿಗೆ ಹೋಗುವ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತನ್ನಿ. ಕನ್ನಡದ ದಾಖಲೆಗಳಿಗೆ ನೋಟರಿ ಮಾಡಿದ ಇಂಗ್ಲಿಷ್ ಅನುವಾದ ಜೊತೆಗಿಡಿ. ಇದಕ್ಕಿಂತ ಮುಖ್ಯವಾದದ್ದು ಗರ್ಭ ಹೊರುವವಳ ಒಪ್ಪಿಗೆ ಪತ್ರ. ಅದು ಆಕೆಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕೆಂದು ಕಾಯ್ದೆ ಹೇಳುತ್ತದೆ. ವಿಜಯಪುರದಿಂದಲೋ ಕುಂದಾಪುರದಿಂದಲೋ ಬಂದ, ಕನ್ನಡ ಮಾತ್ರ ಬಲ್ಲ ಹೆಂಗಸಿನಿಂದ ಮರಾಠಿ ಕಾಗದಕ್ಕೆ ಸಹಿ ಹಾಕಿಸಬೇಡಿ. ಕನ್ನಡದಲ್ಲಿ ಬರೆಸಿ, ಓದಿ ಹೇಳಿ, ಎಲ್ಲ ಅಪಾಯವನ್ನೂ ಬಿಡಿಸಿ ತಿಳಿಸಿ. ಭ್ರೂಣ ಗರ್ಭಕ್ಕೆ ಸೇರುವವರೆಗೆ ಆಕೆ ಬೇಡ ಎನ್ನಬಹುದು, ಅದು ಆಕೆಯ ಹಕ್ಕು.

ಸಾಮಾನ್ಯವಾಗಿ ಒಂದೇ ಭ್ರೂಣ ಇಡಬೇಕು. ಅವಳಿಯಾಗಲಿ ಎಂದು ಒತ್ತಾಯಿಸಬೇಡಿ, ಅವಧಿಗೆ ಮುಂಚಿನ ಹೆರಿಗೆ, ರಕ್ತದೊತ್ತಡ ಆಕೆಯ ಮೈಮೇಲೆ ಬರುತ್ತದೆ. ಗರ್ಭಕೋಶದ ಒಳಪದರ 7ರಿಂದ 8 ಮಿಲಿಮೀಟರ್ ತಲುಪಿದ ಮೇಲೆ ಪ್ರೊಜೆಸ್ಟರಾನ್ (ಗರ್ಭ ನಿಲ್ಲಲು ಬೇಕಾದ ಹಾರ್ಮೋನ್) ಶುರು, ಐದು ದಿನ ಕಳೆದು ಬ್ಲಾಸ್ಟೊಸಿಸ್ಟ್ ವರ್ಗಾವಣೆ, ಸುಮಾರು 10ರಿಂದ 14 ದಿನಕ್ಕೆ ಗರ್ಭ ನಿಂತಿದೆಯೇ ಎಂದು ನೋಡುವ ರಕ್ತಪರೀಕ್ಷೆ.

ಹೆರಿಗೆಯಾದ ಮೇಲೆ 21 ದಿನದೊಳಗೆ ಜನನ ನೋಂದಣಿ ಮಾಡಿಸಿ. ಮ್ಯಾಜಿಸ್ಟ್ರೇಟರ ಆದೇಶದ ದೃಢೀಕೃತ ಪ್ರತಿಯನ್ನು ಆಸ್ಪತ್ರೆಗೆ ಹೆರಿಗೆಯ ಮುಂಚೆಯೇ ಕೊಟ್ಟಿಡಿ, ಇಲ್ಲದಿದ್ದರೆ ಗಡಿಬಿಡಿಯಲ್ಲಿ ಹೆತ್ತವಳ ಹೆಸರೇ ತಾಯಿಯ ಕಾಲಂಗೆ ಹೋಗಿಬಿಡಬಹುದು. ಖಾಸಗಿ ಕೆಲಸದಲ್ಲಿರುವ, ಸ್ವಂತ ಅಂಡಾಣು ಬಳಸಿದ ತಾಯಿಗೆ ಮಗು ಕೈಗೆ ಬಂದ ದಿನದಿಂದ 12 ವಾರ ಹೆರಿಗೆ ರಜೆ ಸಿಗುತ್ತದೆ. ಆ ಅರ್ಜಿಗೂ ಅದೇ ಆದೇಶದ ಇನ್ನೊಂದು ಪ್ರತಿ ಲಗತ್ತಿಸಿ.