ರಚ್ಚೆ ಹಿಡಿದ ಕೂಸು: ಆರನೇ ವಾರದ ಸಂಜೆಗಳಲ್ಲಿ ನಾನು ಅನುಸರಿಸುವ ಕ್ರಮ

ಬಾಣಂತಿಯ ಮನೆಗೆ ಹೋದಾಗ ನಾನು ಮೊದಲು ಕೇಳುವುದು ಕೂಸಿಗೆ ಎಷ್ಟು ವಾರ ಎಂದು. ಯಾಕೆ ಅಳುತ್ತಿದೆ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹುಟ್ಟಿ ಎರಡು ವಾರವಾದ ಮೇಲೆ ಅಳು ಏರುತ್ತಾ ಹೋಗುತ್ತದೆ, ಆರನೇ ವಾರದ ಆಸುಪಾಸಿನಲ್ಲಿ ತುತ್ತತುದಿ ಮುಟ್ಟುತ್ತದೆ, ಮೂರು–ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಾದರೆ ಡಾಕ್ಟರು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಈ ವಾರಗಳನ್ನು ಎಣಿಸಬೇಕು. ಜೋರು ಅಳು ಬರುವುದು ಹೆಚ್ಚಾಗಿ ದೀಪ ಹಚ್ಚುವ ಹೊತ್ತಿನಿಂದ ರಾತ್ರಿ ಹತ್ತು–ಹನ್ನೊಂದರವರೆಗೆ. ಆಶಾ ಕಾರ್ಯಕರ್ತೆಯ ಮೊದಲ ಸುತ್ತಿನ ಮನೆಭೇಟಿ ಮುಗಿಯುವುದು 42ನೇ ದಿನಕ್ಕೆ. ಅಳು ಹೆಚ್ಚಾಗುವ ಹೊತ್ತಿಗೇ ಮನೆಯವರು ತಮ್ಮಷ್ಟಕ್ಕೆ ಉಳಿಯುತ್ತಾರೆ, ‘ಹಾಲು ಸಾಲುತ್ತಿಲ್ಲ’ ಎಂಬ ಮಾತು ಏಳುತ್ತದೆ, ಡಬ್ಬಿ ಹಾಲು ಬರುತ್ತದೆ. ಈ ಒಂದು ತಪ್ಪು ಎಣಿಕೆಯನ್ನು ತಡೆದರೆ ಬಾಣಂತನದ ಅರ್ಧ ಸಂಕಟ ತಪ್ಪುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕ್ರಮ ಹೀಗೆ: ಮೊದಲು ನೋಡುವುದು, ಆಮೇಲೆ ಹಾಲು, ಆಮೇಲೆ ಎತ್ತಿ ಓಡಾಡುವುದು. ಇದು ತಿರುವುಮುರುವಾದರೆ ಹತ್ತು ನಿಮಿಷ ತೂಗಿದ ಮೇಲೆ ಕಾಲ್ಬೆರಳಿಗೆ ಸುತ್ತಿಕೊಂಡ ಕೂದಲು ಕಣ್ಣಿಗೆ ಬೀಳುತ್ತದೆ.

ನೋಡುವುದು ಎಂದರೆ ಬಟ್ಟೆ ಪೂರ್ತಿ ಬಿಚ್ಚಿ, ಒಳ್ಳೆಯ ಬೆಳಕಿನಲ್ಲಿ ನೋಡುವುದು. ಬಾಣಂತಿಗೆ ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರುವುದು ಜಾಸ್ತಿ. ಒಂದೇ ಒಂದು ಎಳೆ ಕಾಲುಚೀಲದೊಳಗೆ ಸೇರಿ ಬೆರಳಿಗೆ ಬಿಗಿದರೂ ಬೆರಳು ಊದಿ ಕೆಂಪಾಗುತ್ತದೆ, ಬಿಟ್ಟರೆ ನೀಲಿಗಟ್ಟುತ್ತದೆ. ಹತ್ತೂ ಕಾಲ್ಬೆರಳು, ಕೈಬೆರಳು, ಗಂಡು ಕೂಸಾದರೆ ಮೂತ್ರಾಂಗ, ಎಲ್ಲವನ್ನೂ ಬೆರಳಾಡಿಸಿ ನೋಡುತ್ತೇನೆ. ಎಳೆ ಕೈಗೆ ಸಿಗದಷ್ಟು ಒಳಗೆ ಕೂತಿದ್ದರೆ ಮನೆಯಲ್ಲಿ ಕೆದಕದೆ ಆಸ್ಪತ್ರೆಗೆ ಹೋಗಬೇಕು. ಉಡಿದಾರ, ಕೈಗೆ ಕಟ್ಟಿದ ಕಪ್ಪು ದಾರ, ಬಳೆ, ಇವುಗಳ ಒಳಗೆ ಬೆರಳು ಸಲೀಸಾಗಿ ಆಡಬೇಕು. ಹುಟ್ಟಿದಾಗ ಕಟ್ಟಿದ ದಾರ ಆರು ವಾರಕ್ಕೆ ಬಿಗಿಯಾಗಿರುತ್ತದೆ. ತೊಡೆಸಂದಿಯಲ್ಲಿ ಗಟ್ಟಿ ಗಂಟು ಕಂಡರೆ ಅದು ಕರುಳಿಳಿತ ಇರಬಹುದು. ಅದಕ್ಕೆ ಎಣ್ಣೆ ಹಚ್ಚಿ ನೀವಬಾರದು, ಆಗಲೇ ಹೊರಡಬೇಕು.

ಆಮೇಲೆ ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡುತ್ತೇನೆ. ಅಂಗೈ ಅಂಗಾಲು ತಣ್ಣಗಿರುವುದು ಈ ವಯಸ್ಸಿನಲ್ಲಿ ಸಹಜ, ಅದರಿಂದ ಏನೂ ತಿಳಿಯುವುದಿಲ್ಲ. ಕುತ್ತಿಗೆ ಬೆವರಿದ್ದರೆ ಸೆಕೆ ಆಗಿದೆ ಎಂದರ್ಥ. ನಮ್ಮ ಮನೆಗಳಲ್ಲಿ ಬೇಸಿಗೆಯಲ್ಲೂ ಕೂಸಿಗೆ ಕುಲಾವಿ, ಸ್ವೆಟರ್, ಮೇಲೆ ದುಪ್ಪಟಿ. ದೊಡ್ಡವರು ಹಾಕಿಕೊಂಡಿದ್ದಕ್ಕಿಂತ ಒಂದು ಪದರ ಹೆಚ್ಚಿದ್ದರೆ ಸಾಕು. ಬಳ್ಳಾರಿ, ಕಲಬುರಗಿ ಬಿಸಿಲಿನಲ್ಲಿ ಅದೂ ಬೇಡ. ಮೈ ಬಿಸಿ ಎನಿಸಿದರೆ ಕಂಕುಳಲ್ಲಿ ಥರ್ಮಾಮೀಟರ್ ಇಡಿ. 37.5 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಬಟ್ಟೆ ಸಡಿಲಿಸಿ ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಇಳಿಯದಿದ್ದರೆ ಡಾಕ್ಟರ ಬಳಿ ಹೋಗಿ. 38, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದ್ದರೆ, ಮೂರು ತಿಂಗಳೊಳಗಿನ ಕೂಸಿಗೆ ಮನೆಯಲ್ಲಿ ಸಿರಪ್ ಕೊಟ್ಟು ಕಾಯುವ ಮಾತೇ ಇಲ್ಲ.

ಇನ್ನು ಹಾಲು. ಅಳು ಹಸಿವಿನ ಕೊನೆಯ ಗುರುತು. ಅದಕ್ಕೂ ಮೊದಲೇ ಕೂಸು ಬಾಯಿ ಚಪ್ಪರಿಸುತ್ತದೆ, ಮುಷ್ಟಿ ಬಾಯಿಗೆ ಒಯ್ಯುತ್ತದೆ, ಕೆನ್ನೆಗೆ ಏನು ತಾಗಿದರೂ ಅತ್ತ ತಿರುಗುತ್ತದೆ. ರಚ್ಚೆ ಹಿಡಿದ ಮೇಲೆ ಎದೆಗೆ ಹಾಕಿದರೆ ನಾಲಿಗೆ ಮೇಲಕ್ಕೆ ಮಡಚಿಕೊಂಡಿರುತ್ತದೆ, ಮೊಲೆ ಸರಿಯಾಗಿ ಹಿಡಿಯುವುದಿಲ್ಲ. ಆಗ ‘ಹಾಲೇ ಇಲ್ಲ’ ಎಂದು ಯಾರೋ ಅನ್ನುತ್ತಾರೆ. ಕೂಸನ್ನು ಬರಿಮೈಯಲ್ಲಿ ತಾಯಿಯ ಬರಿ ಎದೆಗೆ ಒರಗಿಸಿ, ಬೆನ್ನಿಗೆ ಸೆರಗು ಹೊದಿಸಿ, ಎರಡು–ಮೂರು ನಿಮಿಷ ಸುಮ್ಮನೆ ಹಿಡಿದು, ತಣಿದ ಮೇಲೆ ಹಾಲೂಡಿಸಿ.

ಸಂಜೆ ಕೂಸು ಅರ್ಧ ಗಂಟೆಗೊಮ್ಮೆ ಮೊಲೆ ಕೇಳುವುದು ಸಹಜ. ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬಾರದು. ಉಚ್ಚೆ ಮತ್ತು ತೂಕದಿಂದ ಅಳೆಯಬೇಕು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಅಥವಾ ಹೆಚ್ಚು ಸಲ ಬಟ್ಟೆ ಚೆನ್ನಾಗಿ ಒದ್ದೆಯಾಗುತ್ತಿದ್ದರೆ, ಮೊದಲ ಮೂರು ತಿಂಗಳಲ್ಲಿ ತೂಕ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿದ್ದರೆ, ಹಾಲು ಸಾಲುತ್ತಿದೆ. ಆದರೂ ಸಂಜೆ ಒಳಲೆಯಲ್ಲಿ ಡಬ್ಬಿ ಹಾಲು ಕೊಟ್ಟರೆ ಆ ಹೊತ್ತಿನ ಚೀಪುವಿಕೆ ತಪ್ಪುತ್ತದೆ. ಚೀಪಿದಷ್ಟೇ ಹಾಲು ಊರುವುದರಿಂದ ಕೆಲವೇ ದಿನಗಳಲ್ಲಿ ಎದೆಹಾಲು ನಿಜಕ್ಕೂ ತಗ್ಗುತ್ತದೆ. ಸುಳ್ಳಾಗಿದ್ದ ಮಾತು ಹೀಗೆ ನಿಜವಾಗುವುದನ್ನು ನೋಡುವುದು ಬಹಳ ಸಂಕಟ.

ಹಾಲಾದ ಮೇಲೆ ಹೆಗಲಿಗೆ ಹಾಕಿ ಐದು ನಿಮಿಷ ಬೆನ್ನು ತಟ್ಟುವುದು. ತೇಗು ಬರದಿದ್ದರೆ ಹಟ ಬೇಡ.

ಹೊಟ್ಟೆ ತುಂಬಿದೆ, ಬಟ್ಟೆ ಒಣಗಿದೆ, ಜ್ವರವಿಲ್ಲ, ಆದರೂ ಅಳು ಎಂದಾಗ ಎತ್ತಿಕೊಂಡು ನಡೆಯುತ್ತೇನೆ. ಜಪಾನಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಕ್ರಮ ನನಗೆ ಹೆಚ್ಚು ಹಿಡಿಸಿದೆ: ಕೂಸನ್ನು ಎದೆಗಪ್ಪಿ ಐದು ನಿಮಿಷ ಒಂದೇ ಸಮನೆ ನಡೆಯುವುದು, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂರುವುದು, ಆಮೇಲೆ ಮಲಗಿಸುವುದು. ನಿದ್ದೆ ಬಂದ ತಕ್ಷಣ ಇಳಿಸಿದರೆ ಮೈ ಬಿಟ್ಟು ಸರಿಯುವ ಗಳಿಗೆಗೆ ಎಚ್ಚರವಾಗುತ್ತದೆ. ನಡೆಯುವಾಗ ನಿಲ್ಲಬಾರದು, ಕೈ ಬದಲಿಸಬಾರದು. ಸಾಮಾನ್ಯವಾಗಿ ಕೆಲಸ ಕೆಡುವುದು ಇಲ್ಲೇ: ಒಂದು ನಿಮಿಷ ಅಜ್ಜಿ, ಒಂದು ನಿಮಿಷ ಚಿಕ್ಕಮ್ಮ, ನಡುವೆ ಗಿಲಕಿ, ಟಿವಿ, ಮೊಬೈಲ್ ಹಾಡು. ದಣಿದ ಕೂಸಿಗೆ ಪ್ರತಿ ಹೊಸ ಉಪಾಯವೂ ಹೊಸ ಕಾಟವೇ. ದೀಪ ತಗ್ಗಿಸಿ, ಒಬ್ಬರೇ ಹಿಡಿದು, ಒಂದೇ ಜೋಗುಳವನ್ನು ಮೆಲ್ಲನೆ ಹಾಡಿ.

ಇನ್ನೊಂದು ಹಿಡಿತವೂ ಉಪಯೋಗಕ್ಕೆ ಬರುತ್ತದೆ: ಮುಂಗೈ ಮೇಲೆ ಕೂಸನ್ನು ಬೋರಲು ಮಲಗಿಸಿ, ಕೆನ್ನೆ ಮೊಣಕೈ ಮಡಿಕೆಗೆ ತಾಗಿ ಮೂಗು ಬಾಯಿ ಹೊರಗಿರುವಂತೆ, ನಿಮ್ಮ ಅಂಗೈ ಅದರ ತೊಡೆಗಳ ನಡುವೆ ಬರುವಂತೆ ಹಿಡಿಯುವುದು. ಇದು ಎತ್ತಿಕೊಂಡಾಗ ಮಾತ್ರ. ಹಾಸಿಗೆಯಲ್ಲಿ ಅಂಗಾತವೇ ಮಲಗಿಸಬೇಕು. ಸೀರೆ ಜೋಲಿಯಲ್ಲಿ ಕೂಸಿನ ಗದ್ದ ಎದೆಗೆ ಒತ್ತಿ ಉಸಿರಿಗೆ ಅಡ್ಡವಾಗಬಹುದು. ಎದುರಿಗೆ ಕೂತು ತೂಗುವಾಗ ಸರಿ, ನಿದ್ದೆ ಬಂದ ಮೇಲೆ ಸಮತಟ್ಟಾದ ಹಾಸಿಗೆಗೆ ಬದಲಿಸಿ.

‘ಎತ್ತಿ ಎತ್ತಿ ರೂಢಿ ಮಾಡಬೇಡ’ ಎನ್ನುವವರಿಗೆ ನಾನು ಹೇಳುವುದು ಮಾಂಟ್ರಿಯಲ್‌ನಲ್ಲಿ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನವನ್ನು. ಅಳದಿರುವಾಗಲೂ ಹೆಚ್ಚು ಹೊತ್ತು ಎತ್ತಿಕೊಂಡಿದ್ದ ಕೂಸುಗಳು ಆರನೇ ವಾರದಲ್ಲಿ ಶೇ 43ರಷ್ಟು ಕಡಿಮೆ ಅತ್ತವು. ಆದರೆ ಆಗಲೇ ವಿಪರೀತ ಅಳುತ್ತಿದ್ದ ಕೂಸುಗಳಲ್ಲಿ ಆಮೇಲೆ ಇದನ್ನೇ ಮಾಡಿನೋಡಿದಾಗ ಅಂಥ ಫಲ ಸಿಗಲಿಲ್ಲ. ಹಾಗಾಗಿ ಎತ್ತಿಕೊಳ್ಳುವುದನ್ನು ಹಗಲಿನಲ್ಲೇ, ಮೊದಲ ವಾರಗಳಿಂದಲೇ ಶುರು ಮಾಡಬೇಕು.

ಬಾಯಿಗೆ ಹಾಕುವ ಔಷಧಗಳ ವಿಷಯದಲ್ಲಿ ನಾನು ಮೆತ್ತಗಾಗುವುದಿಲ್ಲ. ಆರು ತಿಂಗಳವರೆಗೆ ಎದೆಹಾಲು ಮತ್ತು ಡಾಕ್ಟರು ಬರೆದ ಹನಿ ಬಿಟ್ಟರೆ ಗ್ರೈಪ್ ವಾಟರ್ ಸೇರಿದಂತೆ ಏನೂ ಬೇಡ. ಜಾಯಿಕಾಯಿ ತೇಯ್ದು ನೆಕ್ಕಿಸಿದರೆ ಕೂಸು ಮಲಗುವುದು ಹೊಟ್ಟೆನೋವು ಹೋಗಿದ್ದಕ್ಕಲ್ಲ, ಮಂಪರಿಗೆ. ತೇಯ್ದದ್ದು ಎಷ್ಟೆಂದು ಯಾರೂ ಅಳೆದಿರುವುದಿಲ್ಲ. ಬಜೆಯೂ ಅಷ್ಟೇ. ಜೇನು ಒಂದು ವರ್ಷದವರೆಗೆ ಕೂಡದು, ಅದರಿಂದ ಬಾಟುಲಿಸಂ ಎಂಬ ನರಗಳ ಕಾಯಿಲೆ ಬರಬಹುದು. ಅಂಗಡಿಯವರು ಕೊಡುವ ಹೊಟ್ಟೆನೋವಿನ ಹನಿಯ ಬಾಟಲಿ ಮೇಲೆ ಡೈಸೈಕ್ಲೋಮಿನ್ ಎಂದಿದೆಯೇ ನೋಡಿ. ಆರು ತಿಂಗಳೊಳಗಿನ ಕೂಸಿಗೆ ಅದು ನಿಷಿದ್ಧ, ಉಸಿರಾಟವೇ ಕುಗ್ಗಬಹುದು. ದೃಷ್ಟಿ ತೆಗೆಯುವವರು ಮೆಣಸಿನಕಾಯಿಯನ್ನು ಹೊರಗೆ ಸುಡಲಿ, ಸಾಂಬ್ರಾಣಿ ಹೊಗೆಯೂ ಕೂಸಿರುವ ಕೋಣೆಗೆ ಬೇಡ.

ಮನೆಯಲ್ಲಿ ಸಂಜೆಯ ಪಾಳಿ ಮೊದಲೇ ಗೊತ್ತಾಗಿರಬೇಕು: ಏಳರಿಂದ ಎಂಟು ಅಪ್ಪ, ಎಂಟರಿಂದ ಒಂಬತ್ತು ಅಜ್ಜಿ ಎಂದು. ಬಾಣಂತಿ ಆಗ ಹಾಲು ಕೊಡಲಷ್ಟೇ ಏಳಲಿ, ಉಳಿದ ಹೊತ್ತು ಉಂಡು ಮಲಗಲಿ. ಒಬ್ಬರೇ ಇದ್ದು ಸಿಟ್ಟು ನೆತ್ತಿಗೇರುತ್ತಿದೆ ಎನಿಸಿದರೆ ಕೂಸನ್ನು ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಬಾಗಿಲು ಮುಂದೆ ಮಾಡಿ, ಹತ್ತು ನಿಮಿಷ ಹೊರಗೆ ನಿಲ್ಲಿ. ಹತ್ತು ನಿಮಿಷದ ಅಳುವಿನಿಂದ ಏನೂ ಆಗುವುದಿಲ್ಲ. ಒಮ್ಮೆ ಹಿಡಿದು ಜೋರಾಗಿ ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತ ಸೋರುತ್ತದೆ.

ಹಸಿರು ವಾಂತಿ, ಮಲದಲ್ಲಿ ರಕ್ತ, ಉಬ್ಬಿದ ನೆತ್ತಿ, ಮೊಲೆಯನ್ನೇ ಮುಟ್ಟದಿರುವುದು, ಜೋಲುಬಿದ್ದ ಮೈ, ಎಂದೂ ಕೇಳದ ಕೀರಲು ದನಿ, ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಕಾಲು ಮಡಚಿ ಚೀರಿ ಬಿಳಿಚಿಕೊಳ್ಳುವುದು, ಇವುಗಳಲ್ಲಿ ಒಂದೇ ಕಂಡರೂ 108ಕ್ಕೆ ಫೋನ್ ಮಾಡಿ. ಉಳಿದ ದಿನಗಳಲ್ಲಿ ಅಳು ಶುರುವಾದ ಹೊತ್ತು, ನಿಂತ ಹೊತ್ತು, ಎಷ್ಟು ಸಲ ಹಾಲು, ಎಷ್ಟು ಒದ್ದೆ ಬಟ್ಟೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಲಸಿಕೆಗೆ ಹೋದಾಗ ತಾಯಿ ಕಾರ್ಡಿನ ಜೊತೆ ಅದನ್ನೂ ಡಾಕ್ಟರ ಮುಂದೆ ಇಡಿ.